ಚಹದ ಹುಡುಗನ ಕಥೆ ಹೇಳುವವರಾರು?

ಈ ನಗರದಲ್ಲಿ ನಮ್ಮವರ ಸಭೆ ನಡೆದಲ್ಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತದೆ: “ಹನ್ನೆರಡನೆಯ ವಯಸ್ಸಿನಲ್ಲಿ ಬರಿಗಾಲಿನಲ್ಲಿ ಮುಂಬಯಿಗೆ ಬಂದೆ, ಹೋಟೆಲಿನ ಮೋರಿಯಲ್ಲಿ ಬಟ್ಟಲು ತೊಳೆದೆ, ಇಂದು ನಾಲ್ಕು ಹೋಟೆಲುಗಳ ಧಣಿಯಾಗಿದ್ದೇನೆ.” ಕೂಡಲೆ ಚಪ್ಪಾಳೆ, ಶಾಲು, ಹಾರ, ಹಣ್ಣಿನ ಬುಟ್ಟಿ. ನಾವೂ ಚಪ್ಪಾಳೆ ತಟ್ಟಿದವರೇ. ಆದರೆ ಇಂದು ಕೇಳುತ್ತೇವೆ: ಅವರ ಪಕ್ಕದಲ್ಲಿ ಕುಳಿತು ಅದೇ ಮೋರಿಯಲ್ಲಿ ಬಟ್ಟಲು ತೊಳೆದ ಮಿಕ್ಕ ಹುಡುಗರೆಲ್ಲಿ? ಅವರ ಕಥೆಗೆ ಶಾಲು ಹೊದಿಸಿದವರುಂಟೇ?

ಎರಡು ಭಾನುವಾರ ರಾತ್ರಿ, ಕೆಲಸ ಮುಗಿದ ಮೇಲೆ, ಸಂಘದ ಕೋಣೆಯಲ್ಲಿ ಹೋಟೆಲು ಹುಡುಗರೊಡನೆ ಕುಳಿತು ನಾವು ಎರಡು ಚಿತ್ರಗಳನ್ನು ನೋಡಿದೆವು. ಮೊದಲನೆಯದು ಫ್ರಾನ್ಸಿನದು, 1959ರ ‘ದಿ ಫೋರ್ ಹಂಡ್ರೆಡ್ ಬ್ಲೋಸ್’. ಪ್ಯಾರಿಸಿನ ಹುಡುಗ ಆಂತ್ವಾನ್. ತಾಯಿಗೆ ಬೇಡವಾದವನು, ಮಲತಂದೆಗೆ ಹೊರೆ, ಮಾಸ್ತರರಿಗೆ ತಲೆನೋವು. ಮಲತಂದೆಯ ಕಚೇರಿಯ ಟೈಪ್‌ರೈಟರ್ ಕದಿಯುತ್ತಾನೆ, ಮಾರಲಾಗದೆ ಹಿಂದಕ್ಕಿಡಲು ಹೋದಾಗ ಸಿಕ್ಕಿಬೀಳುತ್ತಾನೆ. ಮಲತಂದೆಯೇ ಅವನನ್ನು ಪೊಲೀಸರಿಗೆ ಒಪ್ಪಿಸುತ್ತಾನೆ. ತಪ್ಪಿತಸ್ಥ ಹುಡುಗರನ್ನು ಕೂಡಿಹಾಕುವ ಮನೆಯಿಂದ ಓಡಿ ಓಡಿ ಸಮುದ್ರ ಮುಟ್ಟುತ್ತಾನೆ. ಅಲ್ಲಿಂದ ಮುಂದೆ ಓಡಲು ನೆಲವಿಲ್ಲ. ತಿರುಗಿ ನಮ್ಮನ್ನು ನೋಡುತ್ತಾನೆ. ಚಿತ್ರ ಅಲ್ಲಿಗೇ ನಿಲ್ಲುತ್ತದೆ.

ಇದು ಬಹುಮಟ್ಟಿಗೆ ನಿರ್ದೇಶಕ ಫ್ರಾಂಸ್ವಾ ತ್ರೂಫೋ ಅವರ ಸ್ವಂತ ಬಾಳು. ಅವರೂ ಹುಡುಗನಾಗಿದ್ದಾಗ ಅಂಥದೇ ಮನೆಯಲ್ಲಿ ಬೀಗದೊಳಗೆ ಬಿದ್ದವರು. ಹೊರಗೆ ತಂದು ಕೈಹಿಡಿದವರು ಆಂದ್ರೆ ಬಾಜಾಂ ಎಂಬ ವಿಮರ್ಶಕರು. ಅನ್ನ, ಆಶ್ರಯ ಕೊಟ್ಟರು. ಅದಕ್ಕಿಂತ ಹೆಚ್ಚಾಗಿ ಓದು, ಬರಹ, ಕೆಲಸ ಕೊಟ್ಟರು. 1958ರಲ್ಲಿ ಬಾಜಾಂ ತೀರಿಕೊಂಡರು. ಮರುವರ್ಷ ಇಪ್ಪತ್ತೇಳನೆಯ ವಯಸ್ಸಿನಲ್ಲಿ ತ್ರೂಫೋ ಈ ಚಿತ್ರವನ್ನು ಅವರ ನೆನಪಿಗೆ ಅರ್ಪಿಸಿ, ಕಾನ್ ಉತ್ಸವದಲ್ಲಿ ನಿರ್ದೇಶಕನ ಪ್ರಶಸ್ತಿ ಪಡೆದರು. ಬೇಡವಾದ ಹುಡುಗ ತನ್ನ ಕಥೆಯನ್ನು ತಾನೇ ಹೇಳಿದ.

ಎರಡನೆಯದು ನಮ್ಮ ಮುಂಬಯಿಯದೇ, ಮೀರಾ ನಾಯರ್ ಅವರ 1988ರ ‘ಸಲಾಂ ಬಾಂಬೆ’. ಹುಡುಗ ಕೃಷ್ಣ ಬೆಂಗಳೂರು ಕಡೆಯ ಹಳ್ಳಿಯವನು, ಅಂದರೆ ನಮ್ಮವನೇ. ಐನೂರು ರೂಪಾಯಿ ಸಂಪಾದಿಸಿದರೆ ಮಾತ್ರ ಮನೆ ಸೇರಬಹುದು. ಇಲ್ಲಿ ಚಹದ ಹುಡುಗನಾಗುತ್ತಾನೆ. ಹೆಸರು ಹೋಗಿ ‘ಚಾಯ್‌ಪಾವ್’ ಆಗುತ್ತದೆ. ಬೀದಿಯ ಬದಿಯ ಬರಹಗಾರನಿಂದ ತಾಯಿಗೊಂದು ಕಾಗದ ಬರೆಸುತ್ತಾನೆ, ಸರಿಯಾದ ವಿಳಾಸ ಗೊತ್ತಿಲ್ಲ. ಕೂಡಿಟ್ಟ ಹಣ ಕಳುವಾಗುತ್ತದೆ. ಚಿತ್ರ ಮುಗಿದಾಗ ನಮ್ಮ ಹುಡುಗರಲ್ಲೊಬ್ಬ ಕೇಳಿದ್ದು ಒಂದೇ ಪ್ರಶ್ನೆ: “ಅಣ್ಣಾ, ಆ ಕಾಗದ ಊರಿಗೆ ಮುಟ್ಟಿತೇ?” ನಮಗೆ ಉತ್ತರ ಹೇಳಲಾಗಲಿಲ್ಲ.

ಕೃಷ್ಣನ ಪಾತ್ರ ಮಾಡಿದ ಶಫೀಕ್ ಸಯ್ಯದ್ ಕೂಡ ಬೆಂಗಳೂರಿನಿಂದ ಮುಂಬಯಿಗೆ ಓಡಿಬಂದ ಹುಡುಗ. ಅವನಿಗೆ ಬಾಲನಟನ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕ್ಕೆ ಕಾನ್‌ನಲ್ಲಿ ಕ್ಯಾಮೆರಾ ದೋರ್ ಬಂತು. ಬೀದಿಮಕ್ಕಳಿಗಾಗಿ ಸಲಾಂ ಬಾಲಕ್ ಟ್ರಸ್ಟ್ ಹುಟ್ಟಿತು. ಅದು ಒಳ್ಳೆಯ ಕೆಲಸ, ಇಲ್ಲವೆನ್ನುವುದಿಲ್ಲ. ಆದರೆ ಶಫೀಕ್ ಬೆಂಗಳೂರಿಗೆ ಮರಳಿ ಆಟೋ ಓಡಿಸಿದರು. ಮುಂದೆ ತಮ್ಮ ಬಾಳಿನ ಕಥೆಯನ್ನು ತಾವೇ ಚಿತ್ರಕಥೆಯಾಗಿ ಬರೆದರೆಂದು ಪತ್ರಿಕೆಗಳಲ್ಲಿ ಬಂತು. ಆಟೋ ಓಡಿಸುವುದು ಕೀಳೆಂದು ನಾವು ಹೇಳುತ್ತಿಲ್ಲ, ದುಡಿಮೆಗೆ ಕೀಳಿಲ್ಲ. ನಾವು ಹೇಳುವುದಿಷ್ಟೆ: ಆ ಹುಡುಗನ ಮುಖ ಲೋಕಕ್ಕೆ ಬೇಕಾಯಿತು, ಅವನ ಮಾತು ಬೇಕಾಗಲಿಲ್ಲ.

ಕಾಯಿದೆ ಏನು ಹೇಳುತ್ತದೆ? 2006ರ ಅಕ್ಟೋಬರ್ 10ರಿಂದ ಹದಿನಾಲ್ಕರ ಒಳಗಿನ ಮಕ್ಕಳನ್ನು ಹೋಟೆಲಿನಲ್ಲಿ ದುಡಿಸುವಂತಿಲ್ಲ. 2016ರ ತಿದ್ದುಪಡಿ ಎಲ್ಲ ಕಸುಬಿಗೂ ಆ ತಡೆಯನ್ನು ಹಬ್ಬಿಸಿತು. ಆದರೆ ಎರಡು ಕಿಂಡಿಗಳನ್ನು ಬಿಟ್ಟಿತು. ಮಗು ಸಿನಿಮಾದಲ್ಲಿ ನಟಿಸಬಹುದು. ಶಾಲೆ ಬಿಟ್ಟ ಹೊತ್ತಿನಲ್ಲಿ ಸ್ವಂತ ಕುಟುಂಬದ ಉದ್ಯೋಗಕ್ಕೆ ನೆರವಾಗಬಹುದು. ಕುಟುಂಬವೆಂದರೆ ಚಿಕ್ಕಪ್ಪ, ಸೋದರಮಾವಂದಿರೂ ಸೇರುತ್ತಾರೆ. ಊರಿಂದ ತಂದ ಹುಡುಗನನ್ನು “ನನ್ನ ಅಕ್ಕನ ಮಗ” ಎಂದುಬಿಟ್ಟರೆ ಅಧಿಕಾರಿ ವಂಶವೃಕ್ಷ ಬರೆಯುತ್ತ ಕೂರುತ್ತಾನೆಯೇ? ಇನ್ನು ಹದಿನಾಲ್ಕು ತುಂಬಿದ ದಿನ ನೋಡಿರಿ. ಕಡ್ಡಾಯ ಶಿಕ್ಷಣದ ಹಕ್ಕು ಅಂದಿಗೆ ಮುಗಿಯಿತು, ಅಪಾಯಕಾರಿ ಕೆಲಸಗಳನ್ನು ಬಿಟ್ಟರೆ ದುಡಿಮೆಯ ತಡೆಯೂ ಮುಗಿಯಿತು. ಬಡವನ ಮಗ ಪ್ರಾಯಕ್ಕೆ ಬರುವುದೆಂದರೆ ಇದೇ: ಒಂದೇ ದಿನ ಎರಡೂ ಕಾಯಿದೆಗಳು ಅವನ ಕೈಬಿಡುತ್ತವೆ.

“ನಾವು ಕೆಲಸ ಕೊಡದಿದ್ದರೆ ಹುಡುಗ ಹಸಿದು ಸಾಯುತ್ತಿದ್ದ, ಅನ್ನ ಹಾಕಿದೆವು, ಮಲಗಲು ಜಾಗ ಕೊಟ್ಟೆವು” ಎನ್ನುತ್ತಾರೆ ಧಣಿಗಳು. ಸ್ವಾಮೀ, ನಾವೂ ಆ ಅನ್ನ ಉಂಡವರು, ಆ ಮೇಜುಗಳ ಮೇಲೆ ಮಲಗಿದವರು. ಆ ಅನ್ನ ದಾನವಲ್ಲ. ಬೆಳಗಿನ ಐದರಿಂದ ರಾತ್ರಿ ಹನ್ನೊಂದರ ತನಕ ದುಡಿದ ಪಗಾರದ ಒಂದು ಭಾಗ. ನಮಗೆ ಏಳನೆಯ ತರಗತಿಯಾಚೆ ಓದಿಲ್ಲ. ರಾತ್ರಿ ಶಾಲೆಗೆ ಹೋಗುತ್ತೇವೆಂದಾಗ ಸಿಕ್ಕ ಉತ್ತರ, “ಗಿರಾಕಿ ಹೆಚ್ಚುವ ಹೊತ್ತಿಗೆ ಎಲ್ಲಿಗೆ ಹೊರಟೆ?” ಎಂದು.

ನಮ್ಮ ಹಿರಿಯರು ಹೀಗೆ ಯೋಚಿಸಲಿಲ್ಲ. ಮೊಗವೀರ ಬಾಂಧವರು, ಬಿಲ್ಲವ ಬಾಂಧವರು ಈ ನಗರದಲ್ಲಿ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಹಗಲು ದುಡಿಯುವ ಹುಡುಗರಿಗಾಗಿಯೇ. ಹುಡುಗನನ್ನು ಹೊತ್ತಿಗೆ ಸರಿಯಾಗಿ ಬಿಟ್ಟು ಕಳುಹಿದ ಧಣಿಗಳೂ ಇದ್ದರು, ಅವರಿಗೆ ಕೈಮುಗಿಯುತ್ತೇವೆ. ಮಂಗಳೂರಿನಿಂದ ಬಂದು ಚೌಪಾಟಿಯ ಬೆಂಚಿನ ಮೇಲೆ ಮಲಗಿದ್ದ ಜಾರ್ಜ್ ಫೆರ್ನಾಂಡಿಸರು 1950ರ ದಶಕದಲ್ಲಿ ಹೋಟೆಲು ಕೆಲಸಗಾರರನ್ನು ಸಂಘಟಿಸಿದರು. ಬಾಜಾಂನಂಥವರು ನಮ್ಮಲ್ಲೂ ಇದ್ದರು. ಇಂದು ಆ ಶಾಲೆಗಳಲ್ಲಿ ಎಷ್ಟೋ ಬಾಗಿಲು ಮುಚ್ಚಿವೆ. ಶಾಲು ಹೊದಿಸುವ ಸಭೆಗಳು ಮಾತ್ರ ಮುಚ್ಚಿಲ್ಲ.

ಆದುದರಿಂದ ನಮ್ಮ ಬೇಡಿಕೆ ಮೂರು. ಒಂದು: ಹದಿನಾಲ್ಕರ ಒಳಗಿನ ಯಾವ ಹುಡುಗನನ್ನೂ, ಅಳಿಯನೆಂಬ ಹೆಸರಿನಲ್ಲಿ ಕೂಡ, ಹೋಟೆಲಿನಲ್ಲಿ ನಿಲ್ಲಿಸಕೂಡದು. ಎರಡು: ಹದಿನಾಲ್ಕರಿಂದ ಹದಿನೆಂಟರವರನ್ನು ಪಗಾರ ಕಡಿಯದೆ ಸಂಜೆ ಆರಕ್ಕೆ ಶಾಲೆಗೆ ಬಿಡಬೇಕು. ಮೂರನೆಯದು ನಮ್ಮ ಸಂಘಕ್ಕೇ: ಈ ಪತ್ರಿಕೆಯ ಒಂದು ಪುಟ ಪ್ರತಿ ತಿಂಗಳು ಹೋಟೆಲು ಹುಡುಗರ ಬರಹಕ್ಕೆ ಮೀಸಲಾಗಲಿ. ಕಾಗುಣಿತ ತಪ್ಪಿದರೂ ಚಿಂತೆಯಿಲ್ಲ, ತಿದ್ದಿಕೊಳ್ಳೋಣ. ಬರೆಯಲು ಬಾರದವನು ಹೇಳಲಿ, ನಾವು ಬರೆದುಕೊಳ್ಳುತ್ತೇವೆ.

ಮೊದಲ ಕಾಗದ ಆಗಲೇ ಬಂದಿದೆ, ಪ್ರಶ್ನೆ ಕೇಳಿದ ಆ ಹುಡುಗನದೇ. ತಾಯಿಗೆ ಬರೆದದ್ದು. ವಿಳಾಸ ಸರಿಯಾಗಿದೆ, ಅಂಚೆಗೆ ಹಾಕಿದ್ದೇವೆ.