ಅಂಕಿತನಾಮದ ಹರಾಜು

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ನಾಮಪದಗಳನ್ನು ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ವಿಂಗಡಿಸಿ ಕಲಿಸುತ್ತೇವೆ. ನದಿ, ಊರು, ಅಂಗಡಿ ಇವು ರೂಢನಾಮಗಳು. ಕಾವೇರಿ, ಶಿವಮೊಗ್ಗ ಅಂಕಿತನಾಮಗಳು. ವ್ಯಾಪಾರಿ, ಯೋಗಿ, ಶಿಕ್ಷಕ ಇವು ಅರ್ಥಕ್ಕೆ ಅನುಗುಣವಾಗಿ ಬಂದ ಅನ್ವರ್ಥನಾಮಗಳು. ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಬಂದ ಈ ವಿಂಗಡಣೆಯನ್ನು ಮಕ್ಕಳು ಒಂದು ಅಂಕದ ಪ್ರಶ್ನೆಗೆಂದು ಬಾಯಿಪಾಠ ಮಾಡಿ ಮರೆತುಬಿಡುತ್ತಾರೆ. ಆದರೆ ಇದೇ ಪ್ರಶ್ನೆಯ ಮೇಲೆ ದೊಡ್ಡ ದೊಡ್ಡ ಕಂಪನಿಗಳು ವರ್ಷಗಟ್ಟಲೆ ವ್ಯಾಜ್ಯವಾಡಿವೆ, ಆಡುತ್ತಲೂ ಇವೆ.

ಗೂಗಲ್ ಸಂಸ್ಥೆ 2000ದಲ್ಲಿ ಆಡ್‌ವರ್ಡ್ಸ್ ಎಂಬ ಜಾಹೀರಾತು ವ್ಯವಸ್ಥೆಯನ್ನು ಆರಂಭಿಸಿತು. 2018ರಿಂದ ಅದರ ಹೆಸರು ಗೂಗಲ್ ಆಡ್ಸ್. ಜಾಹೀರಾತುದಾರನು ತನಗೆ ಬೇಕಾದ ಪದಗಳನ್ನು ಆರಿಸಿ ಅವುಗಳಿಗೆ ಬೆಲೆ ಕೂಗುತ್ತಾನೆ. ಯಾರಾದರೂ ಆ ಪದವನ್ನು ಟೈಪಿಸಿದಾಗ ರೆಪ್ಪೆ ಮಿಟುಕಿಸುವುದರೊಳಗೆ ಹರಾಜು ನಡೆಯುತ್ತದೆ. ಕೂಗಿದ ಬೆಲೆಯ ಜೊತೆಗೆ ಜಾಹೀರಾತಿನ ಗುಣಮಟ್ಟವನ್ನೂ ತೂಗಿ ಸ್ಥಾನ ನಿರ್ಧಾರವಾಗುತ್ತದೆ. ಓದುಗನು ಕ್ಲಿಕ್ ಮಾಡಿದರೆ ಮಾತ್ರ ಹಣ. ‘ಹೂವು’ ಎಂಬ ರೂಢನಾಮವನ್ನು ಹೀಗೆ ಹರಾಜಿಗಿಟ್ಟರೆ ಯಾರದೂ ತಕರಾರಿಲ್ಲ. ಒಬ್ಬನ ಅಂಗಡಿಯ ಅಂಕಿತನಾಮವನ್ನೇ ಅವನ ಎದುರಾಳಿ ಕೂಗಿ ಕೊಳ್ಳಬಹುದೇ ಎಂಬುದು ತಂಟೆಯ ಮೂಲ.

ಇಂಗ್ಲೆಂಡಿನ ಹೂವಿನ ಮೊಕದ್ದಮೆ ಇದಕ್ಕೆ ಒಳ್ಳೆಯ ನಿದರ್ಶನ. ಇಂಟರ್‌ಫ್ಲೋರಾ ಎಂಬುದು ಒಂದೇ ಅಂಗಡಿಯಲ್ಲ, ಅನೇಕ ಸಣ್ಣ ಹೂವಿನಂಗಡಿಗಳ ಜಾಲ. ಆ ಹೆಸರನ್ನು ಟೈಪಿಸಿದವರಿಗೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಎಂಬ ದೊಡ್ಡ ಮಳಿಗೆಯ ಹೂವಿನ ಜಾಹೀರಾತು ಕಾಣುತ್ತಿತ್ತು. ಜಾಹೀರಾತಿನಲ್ಲಿ ಇಂಟರ್‌ಫ್ಲೋರಾ ಎಂಬ ಪದವೇ ಇರಲಿಲ್ಲ. ಆದರೂ ಮಳಿಗೆಯೂ ಆ ಜಾಲದ ಸದಸ್ಯನೇ ಇರಬೇಕೆಂದು ಗ್ರಾಹಕ ಭಾವಿಸುವ ಸಂಭವವಿತ್ತು. 2011ರಲ್ಲಿ ಐರೋಪ್ಯ ನ್ಯಾಯಾಲಯ ಈ ಸೂಕ್ಷ್ಮವನ್ನು ಗುರುತಿಸಿತು. 2013ರಲ್ಲಿ ಲಂಡನ್ನಿನ ಹೈಕೋರ್ಟು ಹೂವಿನವರ ಪರ ತೀರ್ಪಿತ್ತಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಪಡಿಸಿ ಮರುವಿಚಾರಣೆಗೆ ಆದೇಶಿಸಿತು.

ನಮ್ಮ ದೇಶದಲ್ಲಿ ಪ್ರಶ್ನೆ ಮೊದಲು ಮುಖ್ಯವಾಗಿ ಎದ್ದದ್ದು ಮದುವೆಯ ನೆಪದಲ್ಲಿ. ಭಾರತ್ ಮ್ಯಾಟ್ರಿಮನಿ ನಡೆಸುತ್ತಿದ್ದ ಕಾನ್ಸಿಮ್ ಎಂಬ ಸಂಸ್ಥೆ ಗೂಗಲ್ ಮತ್ತು ಎದುರಾಳಿ ವಧೂವರಾನ್ವೇಷಣಾ ತಾಣಗಳ ಮೇಲೆ ಮದ್ರಾಸು ಹೈಕೋರ್ಟಿಗೆ ಹೋಯಿತು. 2010ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ತಡೆಯಾಜ್ಞೆ ನೀಡಲು ಒಪ್ಪಲಿಲ್ಲ. ಭಾರತ, ವಿವಾಹ ಇಂಥ ಪದಗಳು ಎಲ್ಲರ ಸೊತ್ತು, ಅವನ್ನು ಜೋಡಿಸಿದ ಮಾತ್ರಕ್ಕೆ ಬೇರೆಯವರು ಬಳಸಬಾರದೆನ್ನಲಾಗದು ಎಂಬುದು ಆ ತೀರ್ಪಿನ ಸಾರ. ವ್ಯಾಕರಣದ ಮೇಷ್ಟ್ರಾಗಿ ನಾನು ಇದಕ್ಕೆ ಪೂರ್ಣಾಂಕ ಕೊಡುತ್ತೇನೆ. ಎಲ್ಲರ ಸೊತ್ತಾದ ಎರಡು ಪದಗಳನ್ನು ಅಂಟಿಸಿ ಅಂಕಿತನಾಮ ಮಾಡಿಕೊಂಡವನು, ಅಂಟು ಬಿಟ್ಟಾಗ ದೂರುವುದು ಸರಿಯಲ್ಲ.

ದೆಹಲಿಯ ಪ್ರಕರಣ ಇನ್ನಷ್ಟು ಗಹನವಾದುದು. ಅಗರ್‌ವಾಲ್ ಪ್ಯಾಕರ್ಸ್ ಅಂಡ್ ಮೂವರ್ಸ್ ಎಂಬ ಹೆಸರನ್ನು ಹುಡುಕಿದವರಿಗೆ ಬೇರೆ ಸಾಗಣೆದಾರರ ಜಾಹೀರಾತುಗಳು ಕಾಣುತ್ತವೆಂಬುದು ಆ ಕಂಪನಿಯ ದೂರು. 2023ರ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಎರಡು ಕಡೆಗೂ ಚುಚ್ಚುವ ತೀರ್ಪು ಕೊಟ್ಟಿತು. ಇನ್ನೊಬ್ಬನ ಟ್ರೇಡ್‌ಮಾರ್ಕನ್ನು ಕೀವರ್ಡಾಗಿ ಬಳಸುವುದು ತನ್ನಷ್ಟಕ್ಕೆ ಅಪರಾಧವಲ್ಲ, ಗ್ರಾಹಕನಿಗೆ ಗೊಂದಲವಾಗಬೇಕು. ಆದರೆ ಗೂಗಲ್ ಬರೀ ಗೋಡೆ ಬಾಡಿಗೆಗೆ ಕೊಟ್ಟವನಲ್ಲ, ಹರಾಜಿನಲ್ಲಿ ಸಕ್ರಿಯ ಪಾಲುದಾರ. ಆದ್ದರಿಂದ ಉಲ್ಲಂಘನೆ ನಡೆದಾಗ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ಆಶ್ರಯ ಅದಕ್ಕೆ ಸಿಗದು. ಹೆಸರನ್ನು ಬಳಸುತ್ತಿರುವುದು ಜಾಹೀರಾತುದಾರ, ಗೂಗಲ್ ಅಲ್ಲ ಎಂದು ಐರೋಪ್ಯ ನ್ಯಾಯಾಲಯ 2010ರ ಲೂಯಿ ವಿಟಾನ್ ಪ್ರಕರಣದಲ್ಲಿ ಹೇಳಿತ್ತು. ನಮ್ಮವರು ಒಂದು ಹೆಜ್ಜೆ ಮುಂದೆ ಹೋದರು. ಅದು ನ್ಯಾಯವೇ ಸರಿ. ಹರಾಜು ಕೂಗುವವನೂ ಪಾಲು ಪಡೆಯುತ್ತಾನಲ್ಲವೇ?

ಎಲ್ಲ ತೀರ್ಪುಗಳೂ ಕೊನೆಗೆ ನಿಲ್ಲುವುದು ಗೊಂದಲ ಎಂಬ ಒಂದೇ ಪದದ ಮೇಲೆ. ಯಾರ ಗೊಂದಲ? ಸಾಧಾರಣ ತಿಳಿವಳಿಕೆಯುಳ್ಳ, ತಕ್ಕಮಟ್ಟಿಗೆ ಎಚ್ಚರದಿಂದಿರುವ ಅಂತರ್ಜಾಲ ಬಳಕೆದಾರನದು ಎನ್ನುತ್ತದೆ ಯೂರೋಪಿನ ನ್ಯಾಯ. ಇಷ್ಟು ವರ್ಷ ಪಾಠ ಹೇಳಿದ ನಾನು ಸರಾಸರಿ ವಿದ್ಯಾರ್ಥಿ ಎಂಬವನನ್ನು ಒಮ್ಮೆಯೂ ಕಂಡಿಲ್ಲ. ಸರಾಸರಿ ಬಳಕೆದಾರನೂ ಅವನ ಅಣ್ಣನೋ ತಮ್ಮನೋ ಇರಬೇಕು.

ನನ್ನ ಹಿರಿಯ ಸಹೋದ್ಯೋಗಿಯೊಬ್ಬರು ಮಗನ ಊರಿಗೆ ಮನೆ ಬದಲಾಯಿಸುವಾಗ, ಹೆಸರುವಾಸಿಯಾದ ಸಾಗಣೆ ಸಂಸ್ಥೆಯೊಂದರ ಹೆಸರನ್ನು ಮೊಬೈಲಿನಲ್ಲಿ ಟೈಪಿಸಿ, ಮೇಲೆ ಕಂಡ ಮೊದಲ ಸಂಖ್ಯೆಗೆ ಕರೆ ಮಾಡಿದರು. “ನೀವು ಅವರೇ ತಾನೇ?” ಎಂದು ಕೇಳಿಯೂ ಕೇಳಿದರು. “ಹೌದು ಸಾರ್, ಪ್ಯಾಕರ್ಸ್ ಅಂಡ್ ಮೂವರ್ಸೇ” ಎಂಬ ಉತ್ತರ ಬಂತು. ಅಂಕಿತನಾಮ ಕೇಳಿದರೆ ರೂಢನಾಮ ಹೇಳಿದ ಚಾಣಾಕ್ಷತೆ ನೋಡಿ. ಸುಳ್ಳೆಂದು ಹಿಡಿಯುವ ಹಾಗೂ ಇಲ್ಲ. ಸಾಮಾನು ಲಾರಿಗೇರಿದ ಮೇಲೆ ಬಾಡಿಗೆ ಇಮ್ಮಡಿಯಾಯಿತು. ನಲವತ್ತು ವರ್ಷಗಳ ಪುಸ್ತಕಗಳಿದ್ದ ಬೀರುಗಳು ಕೇಳಿದ ಹಣ ತೆರುವವರೆಗೆ ಕೆಳಗಿಳಿಯಲಿಲ್ಲ. ಅಸಲಿ ಸಂಸ್ಥೆಯನ್ನು ವಿಚಾರಿಸಿದರೆ ಅವರ ಬಳಿ ಈ ಸಾಗಣೆಯ ದಾಖಲೆಯೇ ಇರಲಿಲ್ಲ.

ಇಂಥವರು ಕೋರ್ಟಿಗೆ ಹೋಗುವುದಿಲ್ಲ. ಹೋಗುವವರು ಸಮಬಲರು. ಮೇಕ್‌ಮೈಟ್ರಿಪ್ ಬುಕಿಂಗ್ ಡಾಟ್ ಕಾಮ್ ವಿರುದ್ಧ ಪಡೆದ ತಡೆಯಾಜ್ಞೆಯನ್ನು 2023ರ ಡಿಸೆಂಬರಿನಲ್ಲಿ ದೆಹಲಿಯ ವಿಭಾಗೀಯ ಪೀಠ ತೆರವುಗೊಳಿಸಿತು. ಬುಕಿಂಗ್ ಸ್ವತಃ ಪ್ರಸಿದ್ಧ ತಾಣ, ಅದನ್ನು ಮೇಕ್‌ಮೈಟ್ರಿಪ್ ಎಂದು ಯಾರೂ ಭ್ರಮಿಸುವ ಸಂಭವವಿಲ್ಲ ಎಂಬುದು ಮುಖ್ಯ ಕಾರಣ. ಒಪ್ಪಬೇಕಾದ ಮಾತೇ. ಆದರೆ ಹೆಸರಿಲ್ಲದವನು ಹೆಸರಿರುವವನ ನೆರಳಿನಲ್ಲಿ ನಿಂತಾಗ ಇದೇ ತರ್ಕ ತಿರುಗುಮುರುಗಾಗುತ್ತದೆಂಬುದನ್ನೂ ಒಪ್ಪಬೇಕು.

ಸ್ಪರ್ಧೆ ಬೇಡವೇ ಎಂದು ಕೇಳುವವರಿದ್ದಾರೆ. ಕಿರಾಣಿ ಅಂಗಡಿಯಲ್ಲಿ ಒಂದು ಸೋಪು ಕೇಳಿದರೆ ಶೆಟ್ಟರು ಇನ್ನೊಂದನ್ನೂ ಮುಂದಿಟ್ಟು “ಇದೂ ಚೆನ್ನಾಗಿದೆ, ಎರಡು ರೂಪಾಯಿ ಕಡಿಮೆ” ಎನ್ನುವುದುಂಟು. ಅದರಲ್ಲಿ ಮೋಸವಿಲ್ಲ, ಏಕೆಂದರೆ ಎರಡೂ ಕಣ್ಣೆದುರಿಗಿವೆ, ಶೆಟ್ಟರ ಮುಖವೂ ಕಾಣುತ್ತದೆ. ಆದ್ದರಿಂದ ಕೀವರ್ಡುಗಳನ್ನು ಪೂರಾ ನಿಷೇಧಿಸಬೇಕೆಂದು ನಾನು ಹೇಳುವುದಿಲ್ಲ. ಹೊಸಬನಿಗೆ ದಾರಿ ಬೇಕು.

ಪರದೆಯ ಮೇಲಿನ ಗೆರೆ ಮಾತ್ರ ವರ್ಷ ವರ್ಷಕ್ಕೆ ಮಸುಕಾಗುತ್ತ ಬಂದಿದೆ. ಒಂದು ಕಾಲಕ್ಕೆ ಜಾಹೀರಾತುಗಳ ಹಿಂದೆ ಬೇರೆ ಬಣ್ಣವಿರುತ್ತಿತ್ತು. ಬಳಿಕ ಅದು ಹೋಗಿ ಚಿಕ್ಕದೊಂದು ಚೀಟಿ ಉಳಿಯಿತು. 2016ರಲ್ಲಿ ಚೀಟಿ ಹಸಿರಾಯಿತು, 2022ರಲ್ಲಿ ‘ಸ್ಪಾನ್ಸರ್ಡ್’ ಎಂಬ ಪದ ಬಂತು. ಆ ಇಂಗ್ಲಿಷ್ ಪದದ ಅರ್ಥ ‘ಇದು ದುಡ್ಡು ಕೊಟ್ಟು ಕೂರಿಸಿದ್ದು’ ಎಂದು ನಮ್ಮ ಎಷ್ಟು ಹಿರಿಯರಿಗೆ ಹೊಳೆದೀತು? 2020ರಿಂದ ಗೂಗಲ್ ಜಾಹೀರಾತುದಾರರ ಗುರುತು ಪರಿಶೀಲಿಸುತ್ತಿದೆ, ನಿಜ. ಆ ಹೆಸರು ಸಿಗುವುದು ಪಕ್ಕದ ಮೂರು ಚುಕ್ಕಿಗಳನ್ನು ಒತ್ತಿದಾಗ. ಮೂರು ಚುಕ್ಕಿಯೊಳಗೆ ಅಡಗಿಸಿದ ಆ ಹೆಸರನ್ನು, ಇನ್ನೊಬ್ಬನ ಅಂಕಿತನಾಮದ ಹರಾಜಿನಲ್ಲಿ ಗೆದ್ದ ಜಾಹೀರಾತಿಗಾದರೂ, ನೋಡುವವನ ಭಾಷೆಯಲ್ಲಿ ಮೊದಲ ಸಾಲಿನಲ್ಲೇ ಬರೆಯಿಸಲು ಯಾವ ಹೊಸ ತಂತ್ರಜ್ಞಾನವೂ ಬೇಕಿಲ್ಲ. ತನ್ನದೇ ಹೆಸರಿನ ಪುಟದಲ್ಲಿ ಮೇಲೆ ನಿಲ್ಲಲು ತಾನೇ ಬೆಲೆ ಕೂಗುವ ದುರ್ಗತಿ ಸಣ್ಣ ವ್ಯಾಪಾರಿಗೆ ಅಷ್ಟರಮಟ್ಟಿಗೆ ತಪ್ಪೀತು.