ಹತ್ತು ವರ್ಷದ ಪಾಠ ಕೊಡದ ಇಂಗ್ಲಿಷನ್ನು ಹಾಡಿನ ಹುಚ್ಚು ಕೊಟ್ಟಿತು

ಜೂನ್ ಬಂದರೆ ಪುತ್ತೂರು, ಸುಳ್ಯ, ಕಡಬದ ಮಾರ್ಗಗಳಲ್ಲಿ ಹಳದಿ ಬಸ್ಸುಗಳ ಸಾಲು. ರಬ್ಬರ್ ತೋಟದ ನಡುವಿನ ಮಣ್ಣಿನ ರಸ್ತೆಗೂ ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನ್ ಬರುತ್ತದೆ. ಅದೇ ರಸ್ತೆಯ ಕೊನೆಯಲ್ಲಿರುವ ಸರಕಾರಿ ಕನ್ನಡ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಈ ಸಲ ಎಷ್ಟು ಮಕ್ಕಳು ಎಂದು ಕೇಳಿದರೆ ಮಾಷ್ಟ್ರು ಬೆರಳು ಮಡಚಿ ಲೆಕ್ಕ ಹೇಳುತ್ತಾರೆ. ಹೆತ್ತವರ ಉತ್ತರ ಒಂದೇ: "ನಮಗಂತೂ ಬರ್ಲಿಲ್ಲ, ಮಕ್ಕಳಿಗಾದ್ರೂ ನಾಲ್ಕು ಮಾತು ಇಂಗ್ಲಿಷ್ ಬರ್ಲಿ ಮಾರಾಯ್ರೆ."

ಆ ಮಾತಿನ ಹಿಂದಿರುವ ನೋವನ್ನು ನಾನು ಹಗುರ ಮಾಡುವುದಿಲ್ಲ. ನನಗೂ ಬರುತ್ತಿರಲಿಲ್ಲ. 2007-08ರಲ್ಲಿ ರಾಜ್ಯ ಸರಕಾರ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲು ಶುರುಮಾಡಿತಲ್ಲ, ಆ ವರ್ಷ ಶಾಲೆಗೆ ಸೇರಿದ ಬ್ಯಾಚ್ ನಮ್ಮದು. ಹತ್ತು ವರ್ಷ ಕಲಿತೆ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕವೂ ಬಂತು. ಪಿಯುಸಿಗೆಂದು ಪೇಟೆಗೆ ಬಂದ ಮೊದಲ ವಾರ, ಕ್ಲಾಸಿನಲ್ಲಿ ಎದ್ದು ನಿಂತು 'ಕಂಫರ್ಟೇಬಲ್' ಎಂದು ಅಕ್ಷರ ಅಕ್ಷರ ಬಿಡಿಸಿ ಹೇಳಿದೆ. ಹಿಂದಿನ ಬೆಂಚಿನಿಂದ ನಗು ಕೇಳಿತು. ಮತ್ತೆ ಎರಡು ವರ್ಷ ನಾನು ಕ್ಲಾಸಿನಲ್ಲಿ ಬಾಯಿ ಬಿಡಲಿಲ್ಲ.

ಬಾಯಿ ಬಿಡಿಸಿದ್ದು ಬಿಟಿಎಸ್!

2020ರ ಲಾಕ್‌ಡೌನ್. ನಮ್ಮ ಕಡೆ ಆನ್‌ಲೈನ್ ಕ್ಲಾಸ್ ಅಂದರೆ ಗುಡ್ಡೆ ಹತ್ತುವುದು. ಮರುವರ್ಷ ಸುಳ್ಯ ತಾಲೂಕಿನ ಅಪ್ಪನೊಬ್ಬ ಮಳೆಯಲ್ಲಿ ರಸ್ತೆ ಬದಿ ಕೂತ ಮಗಳಿಗೆ ಕೊಡೆ ಹಿಡಿದು ನಿಂತ ಫೋಟೊ ದೇಶವೆಲ್ಲ ಸುತ್ತಿದ್ದು ನಿಮಗೆ ನೆನಪಿರಬಹುದು. ಹಾಗೆ ಕ್ಲಾಸಿಗೆಂದು ಹತ್ತಿದವಳು ಹಾಡು ಡೌನ್‌ಲೋಡ್ ಮಾಡಿಕೊಂಡು ಇಳಿಯುತ್ತಿದ್ದೆ. ಆ ಆಗಸ್ಟ್ 21ರಂದು 'ಡೈನಮೈಟ್' ಬಂತು. ಕೊರಿಯಾದ ಹುಡುಗರು ಪೂರ್ತಿ ಇಂಗ್ಲಿಷಿನಲ್ಲೇ ಹಾಡಿದ ಮೊದಲ ಹಾಡು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇ ಹೋಯಿತು.

ಆಗ ಸಿಕ್ಕಿದ್ದು ಅಭಿಮಾನಿಗಳ ಸಣ್ಣ ಗುಂಪು. ಒಬ್ಬಳು ಇಂಡೋನೇಷ್ಯಾದವಳು, ಒಬ್ಬಳು ಫಿಲಿಪ್ಪೀನ್ಸಿನವಳು, ಮನೆಯಲ್ಲಿ ಮಲಯಾಳಂ ಮಾತಾಡುವ ಕಾಸರಗೋಡಿನವಳೊಬ್ಬಳು. ಮನೆಭಾಷೆ ಇಂಗ್ಲಿಷ್ ಆಗಿರುವವರು ಒಬ್ಬರೂ ಇಲ್ಲ. ಹಾಡಿನ ಸಾಲುಗಳನ್ನು ನಾನು ನೋಟ್‌ಬುಕ್ಕಿನ ಹಿಂದೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಹಾಡಿ, ವಾಯ್ಸ್ ಮೆಸೇಜ್ ಕಳಿಸುತ್ತಿದ್ದೆ. ನಾನು 'ಡೈನಾಮೈಟ್' ಎಂದು 'ನಾ' ಎಳೆದದ್ದನ್ನು ಹಿಡಿದವಳು ಫಿಲಿಪ್ಪೀನ್ಸಿನವಳು. ಒತ್ತು ಮೊದಲ 'ಡೈ'ಗೆ, ನಡುವಿನ 'ನ' ಬಂದೂ ಬಾರದ ಹಾಗೆ. ಹತ್ತು ವರ್ಷ ಯಾರೂ ಹೇಳದ ಗುಟ್ಟು ಅವತ್ತು ಗೊತ್ತಾಯಿತು. ನಮ್ಮ ಲಿಪಿಯಲ್ಲಿ ಬರೆದದ್ದನ್ನೇ ಓದುತ್ತೇವೆ, ಪ್ರತಿ ಅಕ್ಷರಕ್ಕೂ ಅದರ ಪಾಲು ಕೊಡುತ್ತೇವೆ. ಇಂಗ್ಲಿಷ್ ಒಂದು ಅಕ್ಷರವನ್ನು ಎತ್ತಿ ಉಳಿದದ್ದನ್ನು ನುಂಗುತ್ತದೆ. 'ಕಂಫರ್ಟೇಬಲ್' ಅವರ ಬಾಯಲ್ಲಿ 'ಕಂಫ್ಟಬಲ್' ಆಗುವುದು ಹಾಗೆ. ನಾನು ದಡ್ಡಿ ಆಗಿರಲಿಲ್ಲ, ಕನ್ನಡದ ನಿಯಮವನ್ನು ಇಂಗ್ಲಿಷಿಗೆ ಹಾಕಿದ್ದೆ, ಅಷ್ಟೆ.

ಆ ಗುಂಪಿನಲ್ಲಿ ತಪ್ಪು ತಿದ್ದಿದರು, ಆದರೆ ನಗಲಿಲ್ಲ. ಎಲ್ಲರೂ ಇಂಗ್ಲಿಷಿನ ಮನೆಗೆ ಹೊರಗಿನವರೇ ಆಗಿದ್ದೆವು. ತಂಡದ ನಾಯಕ ಆರ್‌ಎಂ ಕೂಡ ತಾನು ಇಂಗ್ಲಿಷ್ ಕಲಿತದ್ದು 'ಫ್ರೆಂಡ್ಸ್' ಧಾರಾವಾಹಿ ನೋಡಿ ಎಂದು 2017ರಲ್ಲಿ ಅಮೆರಿಕದ ಟಿವಿಯಲ್ಲೇ ಹೇಳಿದ್ದರು.

ಇದನ್ನು ಪವಾಡ ಎಂದು ಮಾರಲಿಕ್ಕೆ ನಾನು ಬಂದಿಲ್ಲ. ಹಾಡಿನಲ್ಲಿ ತಾಳಕ್ಕಾಗಿ ಶಬ್ದ ಎಳೆಯುತ್ತಾರೆ, ಮಾತಿನಲ್ಲಿ ಹಾಗೆ ಎಳೆದರೆ ಆಗುವುದಿಲ್ಲ. ಅಭಿಮಾನಿಗಳ ಇಂಗ್ಲಿಷಿಗೆ ಬೇರೆಯೇ ಅರ್ಥಕೋಶ ಉಂಟು: 'ಕಮ್‌ಬ್ಯಾಕ್' ಅಂದರೆ ಹೊಸ ಆಲ್ಬಂ, 'ಬಯಾಸ್' ಅಂದರೆ ತಂಡದಲ್ಲಿ ನಮ್ಮ ಅಚ್ಚುಮೆಚ್ಚಿನವರು. ಸೆಮಿನಾರಿನಲ್ಲಿ 'ಮಾಧ್ಯಮದ ಬಯಾಸ್' ಎಂದಾಗ ನನಗೆ ಮೊದಲು ನೆನಪಾದದ್ದು ಜಿಮಿನ್! ಆದರೆ 2021ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ನಿಘಂಟು ಕೊರಿಯಾ ಮೂಲದ 26 ಪದಗಳನ್ನು ಸೇರಿಸಿಕೊಂಡಾಗ, ಹುರಿದುಂಬಿಸಲು ಕೊರಿಯನ್ನರು ಕೂಗುವ 'ಫೈಟಿಂಗ್' ಕೂಡ ಅದರಲ್ಲಿತ್ತು. ನಿನ್ನೆಯ ತಪ್ಪು ಇಂಗ್ಲಿಷ್ ಇವತ್ತು ನಿಘಂಟಿನಲ್ಲಿ. ಹಿಂದಿನ ಬೆಂಚಿನಿಂದ ನಗುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ದೊಡ್ಡ ಮಿತಿ ಬೇರೆ. ನನ್ನ ಕೈಯಲ್ಲಿ ಫೋನ್ ಇತ್ತು, ಗುಡ್ಡೆಯಲ್ಲಿ ಸಿಗ್ನಲ್ ಇತ್ತು, "ಎಂತ ಮಾರಾಯ್ತಿ, ಇಡೀ ದಿನ ಮೊಬೈಲು" ಎಂದು ಬೈದರೂ ಕಸಿದುಕೊಳ್ಳದ ಅಮ್ಮ ಇದ್ದಳು. ಎಲ್ಲ ಹುಡುಗಿಯರಿಗೂ ಇಷ್ಟು ಇಲ್ಲ. ಅವರಿಗೆ ಉಳಿದಿರುವುದು ಶಾಲೆ ಮಾತ್ರ.

ಕಲೆಯ ಹುಚ್ಚಿನಿಂದ ಮನೆಯದ್ದಲ್ಲದ ಭಾಷೆ ಕಲಿಯುವುದು ನಮ್ಮೂರಿಗೆ ಹೊಸತೂ ಅಲ್ಲ. ಮನೆಯಲ್ಲಿ ತುಳು, ಅರೆಭಾಷೆ, ಬ್ಯಾರಿ, ಕೊಂಕಣಿ ಮಾತಾಡುವ ಜನ ಗ್ರಾಂಥಿಕ ಕನ್ನಡವನ್ನು ಕಿವಿಯಲ್ಲಿ ತುಂಬಿಕೊಂಡದ್ದು ಯಕ್ಷಗಾನ, ತಾಳಮದ್ದಳೆಯಿಂದ. ಶಾಲೆ ಅರ್ಧಕ್ಕೆ ಬಿಟ್ಟ ಅಜ್ಜಂದಿರು ಆಟ ಮುಗಿಸಿ ನಡೆದು ಬರುವಾಗ ಅರ್ಥಧಾರಿಯ ಮಾತನ್ನು ಮತ್ತೆ ಹೇಳುತ್ತಿದ್ದರು, ತಪ್ಪಿದಲ್ಲಿ ಪಕ್ಕದವನು ತಿದ್ದುತ್ತಿದ್ದ. ಬಾಲವನ ಕಟ್ಟಿದ ಶಿವರಾಮ ಕಾರಂತರು ಇದೇ ಪುತ್ತೂರಿನಲ್ಲಿ ಮಕ್ಕಳಿಗೆ ನಾಟಕ, ಕುಣಿತದ ಮೂಲಕ ಕಲಿಸಲು ಹೊರಟದ್ದೂ ಇಂಥದ್ದೇ ನಂಬಿಕೆಯಿಂದ.

ನಮ್ಮ ರಾಜಕೀಯ ಮಾತ್ರ ಮಾಧ್ಯಮದ ಜಗಳದಲ್ಲೇ ಸುತ್ತುತ್ತಿದೆ. ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2019ರಲ್ಲಿ ಸರಕಾರವೇ 1000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಕನಿಷ್ಠ 5ನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಪಾಠ ಇರಲಿ ಎಂದು 2025ರ ಆಗಸ್ಟಿನಲ್ಲಿ ಸುಖದೇವ್ ಥೋರಟ್ ಆಯೋಗ ಶಿಫಾರಸು ಮಾಡಿತು. ನಾನು ಆಯೋಗದ ಪರ. ಅರ್ಥವಾಗದ ಭಾಷೆಯಲ್ಲಿ ಗಣಿತ ಕಲಿತ ಮಗುವಿಗೆ ಗಣಿತವೂ ಬರುವುದಿಲ್ಲ, ಇಂಗ್ಲಿಷೂ ಬರುವುದಿಲ್ಲ. ಆದರೆ ಕನ್ನಡ ಮಾಧ್ಯಮ ಉಳಿಸಿ ಎನ್ನುವ ನಾವು ಹೆತ್ತವರ ಆ ನಾಲ್ಕು ಮಾತಿನ ಆಸೆಗೆ ಉತ್ತರ ಕೊಡದೆ ಭಾಷಣ ಮಾತ್ರ ಮಾಡಿದರೆ, ಹಳದಿ ವ್ಯಾನು ಬರುತ್ತಲೇ ಇರುತ್ತದೆ.

ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪತ್ರಿಕೆಯಲ್ಲಿ 80 ಅಂಕ ಬರವಣಿಗೆಗೆ, 20 ಆಂತರಿಕಕ್ಕೆ. ಬರೆಯುವುದಕ್ಕೇ ಅಂಕ ಎಂದ ಮೇಲೆ ಮಾತು ಯಾರಿಗೆ ಬೇಕು? ಕನ್ನಡ ಶಾಲೆಗಳಿಗೆ ಇಂಗ್ಲಿಷ್ ಮಾತಾಡಿಸುವ ಟೀಚರ್ ಕೊಡಿ. ವಾರಕ್ಕೆ ಎರಡು ಪೀರಿಯಡ್ ಅಂಕವಿಲ್ಲದೆ ಹಾಡಲಿ, ಮಾತಾಡಲಿ, ತಪ್ಪಲಿ, ಒಬ್ಬರನ್ನೊಬ್ಬರು ತಿದ್ದಲಿ. ಉಚ್ಚಾರ ಕೇಳಿ ನಗುವುದನ್ನು ತಮಾಷೆ ಅನ್ನುವುದು ಬಿಟ್ಟು, ಜಾತಿ ಕೇಳಿ ನಗುವುದಕ್ಕೆ ಸಮ ಎಂದು ನೋಡುವುದನ್ನು ಕಾಲೇಜುಗಳು ಕಲಿಯಲಿ.

ನನಗೆ ಅದು ಗುಡ್ಡೆಯ ಮೇಲೆ, ಮುಖ ನೋಡದ ಮೂವರು ಗೆಳತಿಯರಿಂದ ಸಿಕ್ಕಿತು. ಗುಡ್ಡೆ ಹತ್ತದ ಮಕ್ಕಳಿಗೂ ಅದು ಕ್ಲಾಸಿನಲ್ಲೇ ಸಿಗಬೇಕು.