ಗೇಟಿನ ಹೊರಗೆ ಕೂಗಿದ್ದು ಸಾಕು, ಒಳಗಿನ ಕುರ್ಚಿಗೂ ಕೈ ಹಾಕಿ!



ಕಾಲೇಜುಗಳಲ್ಲಿ ಪ್ರಾಜೆಕ್ಟ್ ರಿಪೋರ್ಟು ಒಪ್ಪಿಸುವ ಕಾಲ ಬಂತೆಂದರೆ ನಮ್ಮಂಥ ಸಣ್ಣ ಪ್ರೆಸ್ಸಿನವರಿಗೆ ಸುಗ್ಗಿ. ಬಿಕಾಂ, ಬಿಬಿಎ ಹುಡುಗರು ಪೆನ್‌ಡ್ರೈವ್ ಹಿಡಿದು ಸಾಲಾಗಿ ನಿಲ್ಲುತ್ತಾರೆ. ನೀಲಿ ರೆಕ್ಸಿನ್ನು, ಬಂಗಾರದ ಅಕ್ಷರ, ಮೂರು ಪ್ರತಿ, ಸಂಜೆಯೊಳಗೆ ಬೇಕು! ಈ ಸಲ ಬಂದ ಒಂದು ರಿಪೋರ್ಟು ಮಾನವ ಸಂಪನ್ಮೂಲ ನಿರ್ವಹಣೆಯದು. ನೀವೆಲ್ಲ ಎಚ್.ಆರ್. ಅನ್ನುತ್ತೀರಲ್ಲ, ಅದೇ. ಗಾರ್ಮೆಂಟ್ಸ್ ಕಾರ್ಖಾನೆಯೊಂದರ ಹೆಣ್ಣುಮಕ್ಕಳಿಗೆ ಕೆಲಸದಲ್ಲಿ ತೃಪ್ತಿ ಇದೆಯೇ ಎಂದು ವಿಚಾರಿಸಿ ಬರೆದ ವರದಿ.

ಹಾಳೆ ಜೋಡಿಸುವಾಗ ಕೊನೆಯಲ್ಲಿದ್ದ ಪ್ರಶ್ನಾವಳಿ ಕಣ್ಣಿಗೆ ಬಿತ್ತು. ಇಪ್ಪತ್ತು ಪ್ರಶ್ನೆ, ಇಪ್ಪತ್ತೂ ಇಂಗ್ಲಿಷಿನಲ್ಲಿ! ಹುಡುಗನನ್ನು ಕರೆದು ಕೇಳಿದೆ.

"ಏನಪ್ಪಾ, ಆ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಬರುತ್ತಾ?"

"ಇಲ್ಲ ಸಾರ್."

"ಮತ್ತೆ ಇದಕ್ಕೆಲ್ಲ ಟಿಕ್ ಹಾಕಿದ್ದು ಯಾರು?"

"ಸೂಪರ್‌ವೈಸರ್ ಹಾಕಿಕೊಟ್ರು ಸಾರ್. ಉಳಿದಿದ್ದು ನಾನೇ ಹಾಕ್ದೆ."

"ನಿಮ್ಮೂರು ಯಾವುದು?"

"ಮಾಗಡಿ ಹತ್ರ ಸಾರ್."

ನೋಡಿದಿರಾ? ಹುಡುಗ ಮಾಗಡಿಯವನು. ಆ ಹೆಣ್ಣುಮಕ್ಕಳಲ್ಲಿ ಬಹಳ ಮಂದಿ ರಾಮನಗರ, ಕನಕಪುರ, ಮದ್ದೂರಿನ ಕಡೆಯಿಂದ ಬೆಳಿಗ್ಗೆ ಕತ್ತಲಲ್ಲೇ ಬಸ್ಸು, ರೈಲು ಹತ್ತಿ ಬರುವವರು. ಇವನ ಭಾಷೆ, ಅವರ ಭಾಷೆ ಒಂದೇ. "ಅಕ್ಕಾ, ಊಟಕ್ಕೆ ಎಷ್ಟೊತ್ತು ಬಿಡ್ತಾರೆ? ಮಗುವಿಗೆ ಜ್ವರ ಬಂದ್ರೆ ರಜೆ ಕೊಡ್ತಾರಾ?" ಎಂದು ಎರಡು ಮಾತು ಕೇಳಿದ್ದರೆ ಸಾಕಿತ್ತು, ಎದೆಯಲ್ಲಿದ್ದದ್ದೆಲ್ಲ ಹೊರಗೆ ಬರುತ್ತಿತ್ತು. ಕೇಳಲಿಲ್ಲ. ಹೆಚ್ಚಿನ ಕಾರ್ಮಿಕರು ತೃಪ್ತರಾಗಿದ್ದಾರೆ ಎಂದು ವರದಿ ಬರೆದ. ನಾನು ಅದಕ್ಕೆ ಬಂಗಾರದ ಅಕ್ಷರ ಒತ್ತಿ ಕೊಟ್ಟೆ!

ಆ ಹುಡುಗನನ್ನು ನಾನು ಬೈಯುವುದಿಲ್ಲ. ಅವನಿಗೆ ಕಲಿಸಿದ್ದೇ ಹಾಗೆ. ಎಚ್.ಆರ್. ಅಂದರೆ ಇಂಗ್ಲಿಷಿನಲ್ಲಿ ಉರುಹೊಡೆದು, ಇಂಗ್ಲಿಷಿನಲ್ಲಿ ಕಕ್ಕಿ, ಟೈ ಕಟ್ಟಿಕೊಂಡು ಎ.ಸಿ. ರೂಮಿನಲ್ಲಿ ಕೂರುವ ವಿದ್ಯೆ ಎಂದು ತಲೆಗೆ ತುಂಬಿದ್ದಾರೆ. ಓದುವ ಹುಡುಗರೂ ಇದನ್ನು ಹಗುರವಾಗಿ ಕಾಣುತ್ತಾರೆ. "ಅದರಲ್ಲೇನಿದೆ ಸಾರ್, ಬರೀ ಥಿಯರಿ" ಅನ್ನುತ್ತಾರೆ.

ಏನಿದೆ ಅಂತ ನಾನು ಹೇಳುತ್ತೇನೆ ಕೇಳಿ. ನಾನು ಪಿಯುಸಿ ಮುಗಿಸಿ ಪ್ರೆಸ್ಸಿಗೆ ಇಳಿದವನು, ಎಂಬಿಎ ಅಲ್ಲ. ಆದರೆ ಈ ವಿಷಯದ ಪುಸ್ತಕ, ನೋಟ್ಸು ಅಚ್ಚು ಮಾಡಿ, ಬೈಂಡು ಮಾಡಿ, ಕರಡು ಓದಿ ಓದಿ ಒಂದಿಷ್ಟು ತಿಳಿದುಕೊಂಡಿದ್ದೇನೆ.

ಮೊದಲನೆಯ ಪಾಠ, ಕೆಲಸದ ವಿಶ್ಲೇಷಣೆ. ಒಂದು ಕೆಲಸಕ್ಕೆ ನಿಜವಾಗಿ ಏನೇನು ಬರಬೇಕು ಎಂದು ಪಟ್ಟಿ ಮಾಡುವುದು. ಬೆಂಗಳೂರಿನ ಗೋದಾಮಿನಲ್ಲಿ ಡಬ್ಬ ಎಣಿಸುವವನಿಗೆ ನಿರರ್ಗಳ ಇಂಗ್ಲಿಷ್ ಬೇಕು ಎಂದು ಬರೆದರೆ ನಮ್ಮ ಹುಡುಗ ಬಾಗಿಲಲ್ಲೇ ಹೊರಗಾದ. ಕನ್ನಡದ ಗಿರಾಕಿಯ ಜತೆ ಮಾತಾಡುವ ಕೆಲಸಕ್ಕೆ ಕನ್ನಡ ಬರಬೇಕು ಎಂದು ಬರೆದರೆ ಅದೇ ಹುಡುಗ ಒಳಗೆ ಬಂದ. ಬರೆದದ್ದು ಒಂದು ಸಾಲು, ತೀರ್ಮಾನವಾದದ್ದು ಒಂದು ಮನೆಯ ಅನ್ನ! ಆ ಸಾಲು ಬರೆಯುವವರು ಯಾರು? ಎಚ್.ಆರ್.

ಎರಡನೆಯದು ನೇಮಕ ಮತ್ತು ಆಯ್ಕೆ. ಜಾಹೀರಾತು ಯಾವ ಪತ್ರಿಕೆಗೆ, ಯಾವ ಭಾಷೆಯಲ್ಲಿ, ಯಾವ ಊರಿನ ಕಾಲೇಜಿಗೆ? ಇದೂ ಅವರದೇ ಕೈ. ಮೂರನೆಯದು ತರಬೇತಿ. ಯಂತ್ರದಲ್ಲಿ ಕೈ ಸಿಕ್ಕಿಕೊಳ್ಳದಂತೆ ಹೇಳಿಕೊಡುವ ಮಾತು ಕೇಳುವವನಿಗೆ ಅರ್ಥವಾಗದಿದ್ದರೆ ಅದು ತರಬೇತಿಯೇ? ಆಮೇಲೆ ಸಂಬಳ, ಬಡ್ತಿ, ಕುಂದುಕೊರತೆ, ಶಿಸ್ತುಕ್ರಮ. ಕಾರ್ಮಿಕನ ಮೇಲೆ ಆರೋಪಪಟ್ಟಿ ಹೊರಿಸಿದರೆ ಅದರಲ್ಲಿ ಏನಿದೆ ಎಂದು ಅವನಿಗೆ ತಿಳಿಯಬೇಕು, ಉತ್ತರ ಕೊಡಲು ಅವಕಾಶ ಸಿಗಬೇಕು. ಇದು ಸಹಜ ನ್ಯಾಯದ ಅ ಆ ಇ ಈ. ಇದನ್ನು ಕಲಿಸುವ ವಿದ್ಯೆಯನ್ನು ಬರೀ ಥಿಯರಿ ಅನ್ನುತ್ತೀರಾ?

ಇನ್ನೊಂದು ಗುಟ್ಟು ಹೇಳುತ್ತೇನೆ. ಈ ದೇಶದಲ್ಲಿ ಈ ವಿದ್ಯೆ ಹುಟ್ಟಿದ್ದೇ ಕಾರ್ಮಿಕನ ಭಾಷೆಯನ್ನು ಹಿಡಿದುಕೊಂಡು. ಹಿಂದೆ ಮುಂಬಯಿಯ ಗಿರಣಿಗಳಲ್ಲಿ ಆಳು ಸೇರಿಸುವವನು ಜಾಬರ್, ಅಂದರೆ ನಮ್ಮ ಮೇಸ್ತ್ರಿ ಇದ್ದ ಹಾಗೆ. ಕೆಲಸ ಬೇಕಾದರೂ ಲಂಚ, ಕೆಲಸ ಉಳಿಯಬೇಕಾದರೂ ಲಂಚ. 1929ರಲ್ಲಿ ಬ್ರಿಟಿಷ್ ಸರ್ಕಾರ ವಿಟ್ಲಿ ಎಂಬಾತನ ಅಧ್ಯಕ್ಷತೆಯಲ್ಲಿ ಕಾರ್ಮಿಕರ ಬಗ್ಗೆ ರಾಯಲ್ ಕಮಿಷನ್ ನೇಮಿಸಿತು. 1931ರಲ್ಲಿ ಅದರ ವರದಿ ಬಂತು. ಜಾಬರನ ಕೈಯಿಂದ ನೇಮಕಾತಿ ಕಿತ್ತುಕೊಳ್ಳಿ, ಕಾರ್ಮಿಕ ಅಧಿಕಾರಿಯನ್ನು ಇಡಿ ಎಂದಿತು. ಆ ಅಧಿಕಾರಿಗೆ ಏನೇನು ಗುಣ ಇರಬೇಕು? ಪ್ರಾಮಾಣಿಕತೆ, ಮನುಷ್ಯರನ್ನು ಅರಿಯುವ ಶಕ್ತಿ, ಜತೆಗೆ ಭಾಷೆಯ ಬಲ! ಇದು ಯಾವ ಕನ್ನಡ ಚಳವಳಿಗಾರನ ಮಾತೂ ಅಲ್ಲ ಸ್ವಾಮಿ, ಬಿಳಿಯರು ನೇಮಿಸಿದ ಆಯೋಗದ ಮಾತು. ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ, 500 ಮಂದಿ ದುಡಿಯುವ ಕಡೆ ಕಲ್ಯಾಣಾಧಿಕಾರಿ ಇರಲೇಬೇಕು ಎಂದಿತು. ಆ ಕಾರ್ಮಿಕ ಅಧಿಕಾರಿ, ಆ ಕಲ್ಯಾಣಾಧಿಕಾರಿಯೇ ಮುಂದೆ ಪರ್ಸನೆಲ್ ಮ್ಯಾನೇಜರ್ ಆದ, ಈಗ ಎಚ್.ಆರ್. ಆಗಿದ್ದಾನೆ. ಹೆಸರು ದೊಡ್ಡದಾಯಿತು, ಭಾಷೆ ಮಾತ್ರ ದಾರಿಯಲ್ಲೇ ಬಿದ್ದುಹೋಯಿತು.

ಈಗ ನಮ್ಮ ಹೋರಾಟದ ಮಾತಿಗೆ ಬರೋಣ. 1982ರ ಗೋಕಾಕ್ ಚಳವಳಿಯಲ್ಲಿ ಡಾ. ರಾಜ್‌ಕುಮಾರ್ ಬೀದಿಗಿಳಿದಾಗ ಇಡೀ ನಾಡು ಎದ್ದು ನಿಂತಿತು. 1983ರಲ್ಲಿ ಸರೋಜಿನಿ ಮಹಿಷಿ ಸಮಿತಿ ನೇಮಕವಾಯಿತು. ಕನ್ನಡಿಗರಿಗೆ ಉದ್ಯೋಗ ಕೊಡಿಸಲು 58 ಶಿಫಾರಸು ಕೊಟ್ಟಿತು. ಅಂದಿನಿಂದ ಇಂದಿನವರೆಗೆ ಮಹಿಷಿ ವರದಿ ಜಾರಿ ಮಾಡಿ ಎಂದು ನಾವು ಕೂಗಿದ ಕೂಗಿಗೆ ಲೆಕ್ಕವಿಲ್ಲ, ತಿಂದ ಲಾಠಿ ಏಟಿಗೂ ಲೆಕ್ಕವಿಲ್ಲ. 2024ರ ಜುಲೈನಲ್ಲಿ ನಮ್ಮ ಘನ ಸರ್ಕಾರದ ಸಂಪುಟ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಆಡಳಿತದ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಸ್ಥಳೀಯರಿಗೆ ಎಂದಿತು. ಉದ್ಯಮದ ದೊರೆಗಳು ಹುಬ್ಬು ಗಂಟಿಕ್ಕಿದರು, ನಾಸ್ಕಾಂ ಗುಡುಗಿತು. ಎರಡೇ ದಿನದಲ್ಲಿ ಮಸೂದೆಗೆ ತಡೆ! ನಾವು ಮತ್ತೆ ಬಾವುಟ ಹಿಡಿದು ಗೇಟಿನ ಮುಂದೆ ನಿಂತೆವು.

ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾವು ಮನವಿಪತ್ರ ಹಿಡಿದು ಹೋದಾಗ ಅದನ್ನು ಕೈಗೆ ತೆಗೆದುಕೊಳ್ಳಲು ಹೊರಗೆ ಬರುವವರು ಯಾರು? ಮಾಲೀಕ ಬರುವುದಿಲ್ಲ, ಎಚ್.ಆರ್. ಬರುತ್ತಾರೆ. ಎಷ್ಟೋ ಕಡೆ ಅವರಿಗೆ ನಮ್ಮ ಮನವಿಯನ್ನು ಓದಲು ಬರುವುದಿಲ್ಲ, ಸೆಕ್ಯುರಿಟಿಯವನನ್ನು ಕರೆದು ಓದಿಸಿಕೊಳ್ಳುತ್ತಾರೆ! ಕನ್ನಡಿಗರಿಗೆ ಕೆಲಸ ಕೊಡುವ ಕಾನೂನು ನಾಳೆಯೇ ಬಂದರೂ ಅದನ್ನು ಒಳಗೆ ಕೂತು ನಡೆಸುವ ಕೈ ನಮ್ಮದಾಗದಿದ್ದರೆ ಕಾನೂನು ಕಡತದಲ್ಲೇ ನಿದ್ದೆ ಮಾಡುತ್ತದೆ. ಆ ಕುರ್ಚಿಗೆ ದಾರಿ ನಿಮ್ಮ ಕಾಲೇಜಿನ ಟೈಮ್ ಟೇಬಲ್ಲಿನಲ್ಲೇ ಇದೆ. ನೀವು ಆ ಪೀರಿಯಡ್ಡಿನಲ್ಲಿ ಕ್ಯಾಂಟೀನಿನಲ್ಲಿದ್ದೀರಿ.

ಇದೇ ಹೊತ್ತಿಗೆ ಕಾನೂನೂ ಬದಲಾಗಿದೆ, ಗಮನಿಸಿ. 1946ರ ಸ್ಥಾಯೀ ಆದೇಶಗಳ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಕೆಲಸದ ಷರತ್ತುಗಳನ್ನು ಇಂಗ್ಲಿಷಿನ ಜತೆಗೆ ಹೆಚ್ಚಿನ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲೂ ಗೇಟಿನ ಬಳಿ ಹಲಗೆಯ ಮೇಲೆ ಹಾಕಬೇಕು ಎಂದು. 2025ರ ನವೆಂಬರ್ 21ರಿಂದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆ ಹೋಯಿತು. ಹೊಸ ಸಂಹಿತೆ ಯಾವ ಭಾಷೆ ಎಂಬುದನ್ನು ನಿಯಮಗಳಿಗೆ ಬಿಟ್ಟಿದೆ. ಹಳೆಯ ಕಾಯ್ದೆ 100 ಮಂದಿ ಇದ್ದ ಕಡೆಯೆಲ್ಲ ಹಿಡಿಯುತ್ತಿತ್ತು, ಹೊಸದು 300 ಮಂದಿಯಿಂದ ಮೇಲೆ. ಇದು ನಮಗಾದ ನಷ್ಟ. ಲಾಭವೂ ಇದೆ. ಕಲ್ಯಾಣಾಧಿಕಾರಿ ಈಗ 250 ಮಂದಿ ದುಡಿಯುವ ಕಾರ್ಖಾನೆಗೂ ಬೇಕು, ಅಂದರೆ ಹುದ್ದೆಗಳು ಹೆಚ್ಚು. ನೌಕರರಿಗೆ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಆ ಪತ್ರ ಯಾವ ಭಾಷೆಯಲ್ಲಿ ಅಚ್ಚಾಗುತ್ತದೆ? ಅದನ್ನು ಕರಡು ಮಾಡುವವರ ಮೇಲಿದೆ. ನೀವು ಮಾಡಿದರೆ ಕನ್ನಡದಲ್ಲಿ, ಬೇರೆಯವರು ಮಾಡಿದರೆ ಅವರಿಗೆ ಬಂದದ್ದರಲ್ಲಿ!

ಉಪದೇಶ ಮಾಡುವ ನಾನೇನು ಸಾಚಾ ಅಲ್ಲ. ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ತಂದೆಯವರ ಕಾಲದಿಂದ ನಮ್ಮಲ್ಲಿದ್ದ ಬೈಂಡರ್ ಒಬ್ಬರು ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಕೈಗೆ ಒಂದಿಷ್ಟು ದುಡ್ಡು ಕೊಟ್ಟು, ಅಂಗಡಿಯಲ್ಲಿ ಸಿಗುವ ಇಂಗ್ಲಿಷ್ ಫಾರಂ ಒಂದನ್ನು ಮುಂದಿಟ್ಟೆ. "ಇದ್ರಲ್ಲಿ ಏನ್ ಬರ್ದೈತೆ ಸಾಮಿ?" ಅಂದರು. "ಏನಿಲ್ಲ, ಸುಮ್ನೆ ಸೈನ್ ಹಾಕಿ" ಅಂದೆ. ಕನ್ನಡಕ್ಕಾಗಿ ಪತ್ರಿಕೆ ಅಚ್ಚು ಮಾಡುವವನು ನಾನು!

ಒಂದು ವಾರ ಕಳೆದು ಅವರ ಮಗಳು ಬಂದಳು. ಸರ್ಕಾರಿ ಕಾಲೇಜಿನಲ್ಲಿ ಬಿಕಾಂ. ಫಾರಂ ನನ್ನ ಮೇಜಿನ ಮೇಲಿಟ್ಟು ಮೆತ್ತಗೆ ಕೇಳಿದಳು. "ಅಣ್ಣಾ, ಎಲ್ಲ ಬಾಕಿ ಬಂತು, ಇನ್ನು ಕೇಳಲ್ಲ ಅಂತ ಇದರಲ್ಲಿದೆ. ಕೊನೇ ತಿಂಗಳ ಓವರ್‌ಟೈಮು, ಉಳಿದ ರಜೆ ಸಂಬಳ ಎಲ್ಲಿ ಸೇರಿದೆ?" ಎಲ್ಲಿ ಕಲಿತೆಯಮ್ಮಾ ಎಂದೆ. "ನಮ್ಮ ಎಚ್.ಆರ್. ಮೇಷ್ಟ್ರು ಕನ್ನಡದಲ್ಲಿ ಬಿಡಿಸಿ ಹೇಳ್ತಾರೆ" ಅಂದಳು. ತಲೆ ತಗ್ಗಿಸಿ ಲೆಕ್ಕ ಹಾಕಿದೆ, ಬಾಕಿ ಕೊಟ್ಟೆ, ಅವರ ಮನೆಗೆ ಹೋಗಿ ಕೈ ಮುಗಿದು ಬಂದೆ. ಅಂದಿನಿಂದ ನಮ್ಮ ಪ್ರೆಸ್ಸಿನಲ್ಲಿ ಸಂಬಳದ ಚೀಟಿ, ರಜೆ ಅರ್ಜಿ, ನೇಮಕದ ಪತ್ರ ಎಲ್ಲ ಕನ್ನಡದಲ್ಲೇ.

ಮಾಗಡಿಯ ಹುಡುಗ ಓದಿದ್ದೂ ಅದೇ ವಿಷಯ, ಈ ಹುಡುಗಿ ಓದಿದ್ದೂ ಅದೇ ವಿಷಯ. ಒಬ್ಬನ ಓದು ರೆಕ್ಸಿನ್ ರಟ್ಟಿನೊಳಗೆ ಹೂತುಹೋಯಿತು. ಇನ್ನೊಬ್ಬಳ ಓದು ಮಾಲೀಕನ ಕಣ್ಣು ತೆರೆಸಿತು. ಇಬ್ಬರಿಗೂ ಇಂಗ್ಲಿಷ್ ಓದಲು ಬರುತ್ತಿತ್ತು. ಇವಳು ಓದಿದ್ದನ್ನು ತನ್ನಪ್ಪನ ಮಾತಿಗೆ ತಂದುಕೊಂಡಳು, ಅವನು ತರಲಿಲ್ಲ. ಅಷ್ಟೇ ವ್ಯತ್ಯಾಸ.

ಆದ್ದರಿಂದ ನಮ್ಮ ಆಗ್ರಹ ಇಷ್ಟು. ವಿಶ್ವವಿದ್ಯಾಲಯಗಳು ಈ ವಿಷಯಕ್ಕೆ ಒಳ್ಳೆಯ ಕನ್ನಡ ಪುಸ್ತಕ ಬರೆಸಲಿ. ಕನ್ನಡದಲ್ಲಿ ಉತ್ತರ ಬರೆದ ಹುಡುಗನನ್ನು ಕೀಳಾಗಿ ಕಾಣುವುದು ನಿಲ್ಲಲಿ. ಕಾರ್ಮಿಕರ ಬಳಿ ಹೋಗುವ ಪ್ರತಿಯೊಂದು ಪ್ರಶ್ನಾವಳಿಯೂ ಅವರ ಭಾಷೆಯಲ್ಲಿರಲಿ, ಇಲ್ಲದಿದ್ದರೆ ಆ ಪ್ರಾಜೆಕ್ಟಿಗೆ ಸೊನ್ನೆ ಕೊಡಲಿ. ಸರ್ಕಾರವು ಕಾರ್ಮಿಕ ಸಂಹಿತೆಯ ನಿಯಮಗಳಲ್ಲಿ 'ಕನ್ನಡ' ಎಂಬ ಮೂರಕ್ಷರವನ್ನು ಅನುಮಾನಕ್ಕೆ ಎಡೆಯಿಲ್ಲದಂತೆ ಬರೆಯಲಿ. ಕಂಪನಿಗಳು ಸಿಬ್ಬಂದಿ ವಿಭಾಗದಲ್ಲಿ ಕನ್ನಡ ಬಲ್ಲವರನ್ನೇ ಕೂರಿಸಲಿ.

ನಿಮಗೂ ಒಂದು ಮಾತು. ಕ್ಲಾಸಿಗೆ ಹೋಗಿ. ಇಂಗ್ಲಿಷನ್ನೂ ಚೆನ್ನಾಗಿ ಕಲಿಯಿರಿ, ಅದಕ್ಕೆ ಹೆದರಿದವನು ಕನ್ನಡವನ್ನೂ ಕಾಯಲಾರ. ಕಾರ್ಮಿಕ ಕಾನೂನನ್ನು ಮೂಲದಲ್ಲೇ ಓದಿ, ಅಮ್ಮನಿಗೆ ಕನ್ನಡದಲ್ಲಿ ವಿವರಿಸಿ ನೋಡಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದು ಲೆಕ್ಕ. ನಾಳೆ ಆ ಕುರ್ಚಿಯಲ್ಲಿ ಕೂತಾಗ ನ್ಯಾಯವಾಗಿ ನಡೆದುಕೊಳ್ಳಿ. ನಮ್ಮವನೆಂದು ಮೈಗಳ್ಳನನ್ನು ತುಂಬಿಕೊಂಡರೆ ಕನ್ನಡಿಗರ ಹೆಸರೇ ಹಾಳು. ಒಡಿಶಾದಿಂದ ಬಂದ ಹೊಲಿಗೆಯ ಹುಡುಗಿಗೆ ಕನ್ನಡ ಕಲಿಸಿ, ಅವಳು ಕಲಿಯುವವರೆಗೆ ಅವಳ ಸಂಬಳದ ಲೆಕ್ಕವನ್ನು ಅವಳಿಗೆ ತಿಳಿಯುವ ಮಾತಿನಲ್ಲೇ ಹೇಳಿ. ನಮಗೆ ಬೇಕೆಂದು ಕೇಳುವ ನ್ಯಾಯವನ್ನು ಇನ್ನೊಬ್ಬರಿಗೆ ಕೊಡದಿದ್ದರೆ ನಮಗೂ ಆ ಜಾಬರನಿಗೂ ಏನು ವ್ಯತ್ಯಾಸ?

ಬಾವುಟ ಕೆಳಗಿಳಿಸಿ ಎಂದು ನಾನು ಹೇಳುತ್ತಿಲ್ಲ. ಒಂದು ಕೈಯಲ್ಲಿ ಬಾವುಟ ಇರಲಿ, ಇನ್ನೊಂದು ಕೈಯಲ್ಲಿ ಪುಸ್ತಕ ಇರಲಿ. ಮುಂದಿನ ಸಲ ನಾವು ಮನವಿ ಹಿಡಿದು ಬಂದಾಗ ಗೇಟು ತೆರೆದು ಹೊರಗೆ ಬಂದು, "ಬನ್ನಿ ಅಣ್ಣಾ, ಒಳಗೆ ಕೂತು ಮಾತಾಡೋಣ" ಎಂದು ಕನ್ನಡದಲ್ಲಿ ಕರೆಯುವವರು ನೀವಾಗಿರಬೇಕು.

ಸಿರಿಗನ್ನಡಂ ಗೆಲ್ಗೆ!

- ಸಂಪಾದಕ